ಬಿ ಕಾಂಪ್ಲೆಕ್ಸ್ ವ್ರತ

ಮನುಷ್ಯನ ದೇಹ ಒಂದು ಅದ್ಭುತ. ಈ ಮಾತನ್ನು ನಾನು ಯಾವುದೋ ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯ ಬಚ್ಚಲಿನಲ್ಲಿ ನಿಂತು, ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ನಾನು ವಿಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡುವ ಮೇಷ್ಟ್ರು. ಹೆಸರು ನರಸಿಂಹಮೂರ್ತಿ. ಎಡಗಡೆಯದ್ದು ಎಡಗಡೆ ಇರಬೇಕು, ಬಲಗಡೆಯದ್ದು ಬಲಗಡೆ ಇರಬೇಕು, ಕೊನೆಗೆ ಎರಡೂ ಸಮ ಬರಬೇಕು. ನನ್ನ ಬದುಕಿನ ಸಿದ್ಧಾಂತವೂ ಇಷ್ಟೇ. ಇಂಥ ಮನುಷ್ಯನ ಹತ್ತಿರ ಟೆನ್ಷನ್ ಸುಳಿಯಬಾರದು. ಸುಳಿದಿರಲೂ ಇಲ್ಲ, ನಮ್ಮ ರಸ್ತೆಯ ರಾಜ್ಯೋತ್ಸವ ಸಮಿತಿಯ ಅಧ್ಯಕ್ಷರಾದ ಗಂಗಣ್ಣನವರು ನಮ್ಮ ಮನೆಗೆ ಬಂದು ಸೋಫಾದ ಮೇಲೆ ಕೂರುವ ತನಕ.

ಗಂಗಣ್ಣನವರದ್ದು ಈ ಜಾಗ ಲೇಔಟ್ ಆಗುವುದಕ್ಕೆ ಮುಂಚಿನಿಂದಲೂ ಇಲ್ಲಿರುವ ಮನೆತನ. ಈಗ ನಮ್ಮ ರಸ್ತೆ ಇರುವ ಕಡೆ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಗಂಗಣ್ಣನವರು ಅದೇ ನೆಲದಲ್ಲಿ ಬಾಡಿಗೆದಾರರನ್ನು ಬೆಳೆಯುತ್ತಾರೆ. ನಾವೂ ಆ ಬೆಳೆಯಲ್ಲಿ ಒಂದು ತೆನೆ.

"ಮೇಷ್ಟ್ರೇ, ಈ ಸಲ ಆರ್ಕೆಸ್ಟ್ರಾಗೆ ಮುಂಚೆ ನಮ್ಮ ರಸ್ತೆಯವ್ರೇ ಹಾಡ್ಬೇಕು ಅಂತ ಸಮಿತಿ ತೀರ್ಮಾನ ಮಾಡೈತೆ," ಎಂದರು ಗಂಗಣ್ಣ. "ನಿಮ್ಮ ಮನೆಯವ್ರು ಒಂದು ಭಾವಗೀತೆ ಹಾಡ್ಲಿ. ಕೋರಸ್ ಗೀರಸ್ ಬ್ಯಾಡ. ಒಬ್ರೇ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

ಆ ‘ಒಬ್ರೇ’ ಎಂಬ ಮಾತಿನ ತೂಕ ಗಂಗಣ್ಣನವರಿಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ವಿಮಲಾ ಚೆನ್ನಾಗಿ ಹಾಡುತ್ತಾಳೆ. ಓದುವಾಗ ಕಾಲೇಜ್ ಡೇ ದಿನ ಒಬ್ಬಳೇ ಹಾಡುವ ಅವಕಾಶ ಸಿಕ್ಕಿತ್ತಂತೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಮೈಕ್ ಸತ್ತಿತು, ಹುಡುಗರು ಕೂಗಿದರು, ಕರೆಂಟು ಬರುವ ಹೊತ್ತಿಗೆ ನಾಟಕದವರು ಸ್ಟೇಜ್ ಹತ್ತಿ ನಿಂತಿದ್ದರು. ಆಮೇಲೆ ಅವಳು ಹಾಡಿದ್ದೆಲ್ಲ ಗುಂಪಿನಲ್ಲೇ. ಮದುವೆ ಮನೆಯ ಆರತಿ ಹಾಡು ಗುಂಪಿನಲ್ಲಿ, ಚಂದ್ರಾ ಲೇಔಟಿನ ಸಂಗೀತ ಕ್ಲಾಸಿನಲ್ಲಿ ಕೊನೆಯ ಸಾಲಿನಲ್ಲಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದು ಬಿಟ್ಟರೆ ಆ ನಿಂತುಹೋದ ಹಾಡಿನ ವಿಷಯ ಅವಳು ಯಾವತ್ತೂ ಎತ್ತುವುದಿಲ್ಲ. ಆದರೆ ಯಾರ ಮನೆಯ ಸಮಾರಂಭದಲ್ಲಾದರೂ ಕರೆಂಟು ಹೋದರೆ ಅವಳ ಮುಖ ಒಂದು ಕ್ಷಣ ಸಣ್ಣಗಾಗುವುದನ್ನು ನಾನು ನೋಡಿದ್ದೇನೆ.

ಈಗ ವಿಮಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಹಾಡ್ತೀನಿ," ಎಂದಳು. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದಷ್ಟೇ ಸಲೀಸಾಗಿ.

ಟೆನ್ಷನ್ ಆದದ್ದು ನನಗೆ.

ಗಂಟಲು ಕಟ್ಟಿಕೊಂಡರೆ? ಸಾಲು ಮರೆತರೆ? ಎದುರು ಮನೆಯವರು ಮೊಬೈಲಿನಲ್ಲಿ ಅದನ್ನೆಲ್ಲ ತೆಗೆದು ಊರಿಗೆಲ್ಲ ಕಳಿಸಿದರೆ? ನನ್ನ ನಿದ್ದೆ ಹೋಯಿತು. ಕ್ಲಾಸಿನಲ್ಲಿ ಸಾಲವನ್ನು ಆಸ್ತಿಯ ಕಡೆ ಬರೆದುಬಿಟ್ಟೆ. ಮಕ್ಕಳು ವಿನಯದಿಂದ ಹಾಗೇ ಬರೆದುಕೊಂಡರು.

"ಹಾಡೋಳು ನಾನು. ನಿಮಗ್ಯಾಕ್ರೀ ಬೆವರು?" ಎಂದು ವಿಮಲಾ ಸೊಪ್ಪು ಸೋಸುತ್ತಾ ಕೇಳಿದಳು.

ಹೀಗಿರುವಾಗ ಮೊಬೈಲಿನಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ಒತ್ತಡದ ದಿನಗಳಲ್ಲಿ ವಿಟಮಿನ್‌ಗಳು ದೇಹಕ್ಕೆ ಹೇಗೆ ಆಸರೆಯಾಗುತ್ತವೆ ಎಂಬ ವಿಷಯ. ಓದುತ್ತಾ ಓದುತ್ತಾ ನಾನು ಬೆರಗಾಗಿ ಹೋದೆ. ತಿಂದ ಅನ್ನ ಶಕ್ತಿಯಾಗಬೇಕಾದರೆ ಬಿ ಗುಂಪಿನ ವಿಟಮಿನ್ ಬೇಕಂತೆ. ನರಗಳು ನೆಟ್ಟಗಿರಬೇಕಾದರೂ ಅದೇ ಬೇಕಂತೆ. ಬೇಕಾಗುವುದೋ ಸಾಸಿವೆ ಕಾಳಿಗಿಂತ ಎಷ್ಟೋ ಕಡಿಮೆ. ಇಷ್ಟು ದೊಡ್ಡ ಶರೀರ, ಹೊಟ್ಟೆಯನ್ನೂ ಸೇರಿಸಿ, ಕಣ್ಣಿಗೇ ಕಾಣದ ಒಂದು ಕಣಕ್ಕಾಗಿ ಕಾದು ಕೂತಿರುತ್ತದೆ ಎಂದರೆ ಸಾಮಾನ್ಯವೇ? ನನಗೆ ಮೈ ಜುಮ್ಮೆಂದಿತು. ಒಂದೇ ಒಂದು ಅನುಮಾನ ಉಳಿಯಿತು. ಬಿ ಒಂದು, ಎರಡು, ಮೂರು ಇದ್ದಾವೆ. ನಾಲ್ಕು ಇಲ್ಲ. ಐದು, ಆರು, ಏಳು ಇದ್ದಾವೆ. ಎಂಟು ಇಲ್ಲ. ಒಂಬತ್ತಾದ ಮೇಲೆ ನೇರವಾಗಿ ಹನ್ನೆರಡು. ಅಕೌಂಟ್ಸಿನಲ್ಲಿ ಹೀಗೆ ವೋಚರ್ ನಂಬರ್ ತಪ್ಪಿದರೆ ಯಾವ ಆಡಿಟರೂ ಬಿಡುವುದಿಲ್ಲ. ಆದರೂ ದೇಹದ ಲೆಕ್ಕವೇ ಬೇರೆ ಎಂದು ಸುಮ್ಮನಾದೆ.

ಲೇಖನದ ಕೊನೆಯಲ್ಲಿ ಊಟ, ಸೊಪ್ಪು, ವೈದ್ಯರ ಸಲಹೆ ಎಂದು ಇನ್ನೂ ಏನೇನೋ ಇತ್ತು. ನಾನು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಾಗಿತ್ತು.

ಮೆಡಿಕಲ್ ಸ್ಟೋರಿನವನು ಬಿ ಕಾಂಪ್ಲೆಕ್ಸ್ ಮಾತ್ರೆಯ ಪಟ್ಟಿಗಳನ್ನು ಮುಂದಿಟ್ಟು, "ದಿನಕ್ಕೆ ಒಂದೇ ಸಾರ್, ಊಟ ಆದ್ಮೇಲೆ," ಎಂದ. ಒಂದು ಮಾತ್ರೆ ಸಾಧಾರಣ ಜನರ ಸಾಧಾರಣ ಟೆನ್ಷನ್ನಿಗೆ ಇರಬಹುದು. ಹೆಂಡತಿ ಒಂಟಿಯಾಗಿ ಸ್ಟೇಜ್ ಹತ್ತುವ ಗಂಡನಿಗೆ ಅದು ಯಾವ ಮೂಲೆಗೆ? ನಾನು ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಸ್ವಂತ ತೀರ್ಮಾನ ಮಾಡಿಕೊಂಡೆ. ಪಟ್ಟಿಯನ್ನು ಜೇಬಿನಲ್ಲೇ ಇಟ್ಟುಕೊಂಡೆ. ವಿಮಲಾ ನೋಡಿದರೆ ನಗುತ್ತಾಳೆ ಎಂಬ ಮುಂದಾಲೋಚನೆ.

ಪರಿಣಾಮ ಮಾತ್ರ ಅಮೋಘ. ಮಾತ್ರೆ ಗಂಟಲು ಇಳಿದು ಹೊಟ್ಟೆ ತಲುಪಿತೋ ಇಲ್ಲವೋ, ನಾನು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ನಿಂತಲ್ಲೇ ಹಾಡು ಗುನುಗಿದೆ. ವಿಜ್ಞಾನ ಎಂದರೆ ಇದಪ್ಪಾ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಬಚ್ಚಲಿಗೆ ಹೋದೆ.

ಹಳದಿ.

ಅಂತಿಂಥ ಹಳದಿಯಲ್ಲ. ರಸ್ತೆ ಅಗೆಯುವವರು ತೊಡುತ್ತಾರಲ್ಲ, ದೂರದಿಂದ ಬರುವ ಲಾರಿಗೂ ಕಾಣಲಿ ಎಂದು, ಆ ಜಾಕೆಟ್ಟಿನ ಹಳದಿ. ದೀಪ ಆರಿಸಿದರೂ ಕಂಡೀತು ಎಂಬಂಥದ್ದು. ನನ್ನೊಳಗಿನಿಂದ ಇಂಥದ್ದೊಂದು ಬಣ್ಣ ಹೊರಬರಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಕ್ಷಣ ಭಕ್ತಿಯಿಂದಲೇ ನಿಂತಿದ್ದೆ. ಆಮೇಲೆ ಹೊಳೆಯಿತು.

ಕಾಮಾಲೆ! ನನ್ನ ಸೋದರಮಾವನಿಗೆ ಆಗಿತ್ತು. ಹೀಗೇ ಶುರುವಾಗಿದ್ದು. ಕನ್ನಡಿಯಲ್ಲಿ ಕಣ್ಣು ನೋಡಿಕೊಂಡೆ. ಕಣ್ಣೂ ಹಳದಿ, ಹಲ್ಲೂ ಹಳದಿ, ಬನಿಯನ್ನೂ ಹಳದಿ. ನಮ್ಮ ಬಚ್ಚಲಿನಲ್ಲಿ ಇರುವುದು ಹಳೇ ಕಾಲದ ಹಳದಿ ಬಲ್ಬು ಎಂಬುದು ಆ ಗಳಿಗೆಯಲ್ಲಿ ನನ್ನ ನೆನಪಿಗೆ ಬರಲಿಲ್ಲ.

ವಿಮಲಾಗೆ ಹೇಳಬೇಕೆಂದು ಬಚ್ಚಲಿನಿಂದ ಹೊರಗೆ ಬಂದೆ. ಅವಳು ಒಲೆಯ ಮುಂದೆ ನಿಂತು ಅಂದು ಕಾಲೇಜಿನಲ್ಲಿ ನಿಂತುಹೋದ ಆ ಹಾಡಿನ ಮೊದಲ ಸಾಲನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಕಾಮಾಲೆ ಎಂದು ಗೊತ್ತಾದರೆ ಇವಳು ಹಾಡು ಗೀಡು ಎಲ್ಲ ಬಿಟ್ಟು ನನ್ನ ತಲೆದಿಂಬಿನ ಹತ್ತಿರ ಕೂತುಬಿಡುತ್ತಾಳೆ. ಅವಳು ಅಂಥವಳೇ. ನನ್ನ ಲಿವರಿನ ದೆಸೆಯಿಂದ ಅವಳ ಹಾಡು ಎರಡನೇ ಸಲ ನಿಲ್ಲಬಾರದು. ನಾನು ಸಾಯುವುದಿದ್ದರೆ ರಾಜ್ಯೋತ್ಸವ ಮುಗಿದ ಮೇಲೆ ಸಾಯತಕ್ಕದ್ದು ಎಂದು ಮನಸ್ಸಿನಲ್ಲೇ ಠರಾವು ಪಾಸು ಮಾಡಿದೆ.

ನಮ್ಮ ಡಾಕ್ಟರ ಹತ್ತಿರ ಹೋಗುವಂತಿಲ್ಲ. ಅವರ ಹೆಂಡತಿ ವಿಮಲಾಳ ಸಂಗೀತ ಕ್ಲಾಸಿನಲ್ಲಿ ಮುಂದಿನ ಸಾಲು. ನನ್ನ ನಾಡಿ ಹಿಡಿದು ಬಿಡುವುದರೊಳಗೆ ಸುದ್ದಿ ಚಂದ್ರಾ ಲೇಔಟ್ ದಾಟಿರುತ್ತದೆ. ಅಲ್ಲದೆ ಕಾಮಾಲೆಗೆ ನಾಟಿ ಔಷಧವೇ ಸರಿ ಎಂದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಷ್ಟು ಹೊತ್ತೂ ವಿಜ್ಞಾನ ವಿಜ್ಞಾನ ಎನ್ನುತ್ತಿದ್ದ ನಾನು ಮಾಗಡಿ ರೋಡಿನ ಬಸ್ಸು ಹತ್ತಿ ಬ್ಯಾಡರಹಳ್ಳಿಗೆ ಹೊರಟೆ.

ಅಲ್ಲೊಬ್ಬರು ನಾಟಿ ವೈದ್ಯರು. ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ ಸ್ವಲ್ಪ ಹೊತ್ತು ಯೋಚಿಸಿದರು. "ಕಣ್ಣು ಅಷ್ಟೇನೂ ಹಳದಿ ಕಾಣ್ತಿಲ್ವಲ್ಲ ಸ್ವಾಮಿ. ನೀರಿನ ಬಣ್ಣ ಹೆಂಗಿದೆ?"

ನಾನು ವರ್ಣಿಸಿದೆ. ಹಿಂದಿನ ಬೆಂಚಿನ ಹುಡುಗರಿಗೂ ಕೇಳುವಂತೆ ಪಾಠ ಹೇಳಿ ಅಭ್ಯಾಸವಾದ ಗಂಟಲು. ಸರದಿಯಲ್ಲಿ ಕೂತಿದ್ದವರು ಒಂದು ಮಾರು ಹಿಂದೆ ಸರಿದರು.

"ಬೇರೆ ಔಷಧಿ ಏನಾದ್ರೂ ತಗೋತಾ ಇದೀರಾ?" ಎಂದು ವೈದ್ಯರು ಕೇಳಿದರು.

"ಔಷಧಿನಾ? ಒಂದೂ ಇಲ್ಲ."

ನಾನು ಸುಳ್ಳು ಹೇಳಲಿಲ್ಲ. ವಿಟಮಿನ್ನನ್ನು ಔಷಧಿ ಎಂದು ಯಾರಾದರೂ ಅನ್ನುತ್ತಾರೆಯೇ?

ವೈದ್ಯರು ಹಸಿರು ಸೊಪ್ಪಿನ ಉಂಡೆಯೊಂದನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸಿದರು. ಅದರ ಕಹಿಯನ್ನು ಹೇಳಲು ನನ್ನಲ್ಲಿ ಮಾತಿಲ್ಲ. ಆಮೇಲೆ ಪಥ್ಯ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ, ಅರಿಶಿನದ ವಾಸನೆಯೂ ಇಲ್ಲ. ಮಜ್ಜಿಗೆ ಅನ್ನ ಮಾತ್ರ. "ರಾಜ್ಯೋತ್ಸವದ ಹೊತ್ತಿಗೆ ಪಥ್ಯ ಮುಗೀತದೆ. ಅವತ್ತು ಒಂದು ಹಿಡಿ ಅಕ್ಕಿನ ನಿಮ್ಮ ನೀರಲ್ಲಿ ನೆನೆಸಿ ತೆಗೆದು ನೋಡಿ. ಬೆಳ್ಳಗೇ ಇದ್ರೆ ವಾಸಿ. ಹಳದಿ ಹತ್ತಿದ್ರೆ ಇನ್ನೊಂದ್ಸಲ ಬನ್ನಿ," ಎಂದರು. ಕಾಮಾಲೆ ಪತ್ತೆಗೆ ಈ ಅಕ್ಕಿ ಪರೀಕ್ಷೆಯನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ನನಗೆ ಪೂರ್ತಿ ನಂಬಿಕೆ ಬಂತು.

ಅಂದು ಊಟಕ್ಕೆ ಕೂತಾಗ ವಿಮಲಾ ಹುರುಳಿಕಾಯಿ ಹುಳಿ ಬಡಿಸಲು ಬಂದಳು. ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ.

"ಹುಳಿ ಬೇಡ. ಪಲ್ಯ ಬೇಡ. ಉಪ್ಪಿನಕಾಯಿ ಬೇಡ. ಉಪ್ಪೇ ಬೇಡ."

"ಯಾಕ್ರೀ? ಹುಷಾರಿಲ್ವಾ?"

ಮಾತು ನನಗೆ ಗೊತ್ತಿಲ್ಲದೆ ಬಾಯಿಂದ ಜಾರಿತು. "ವ್ರತ ಕಣೇ. ನೀನು ಚೆನ್ನಾಗಿ ಹಾಡ್ಲಿ ಅಂತ ಅಲ್ಲೀವರೆಗೂ ಉಪ್ಪು ಬಿಟ್ಟಿದೀನಿ."

ವಿಮಲಾ ಸೌಟು ಹಿಡಿದು ನಿಂತೇ ಇದ್ದಳು. ಮದುವೆಯಾದಾಗಿನಿಂದ ನಾನು ಇವಳಿಗೋಸ್ಕರ ಸಂಜೆಯ ಬೋಂಡಾ ಕೂಡ ಬಿಟ್ಟವನಲ್ಲ. ಅವಳ ಕಣ್ಣು ತುಂಬಿಕೊಂಡಿತು. ಒಳಗೆ ಹೋಗಿ ಮಜ್ಜಿಗೆ ತಂದಿಟ್ಟಳು. ನಾನು ತಲೆ ಬಗ್ಗಿಸಿ ಸಪ್ಪೆ ಅನ್ನ ಉಂಡೆ.

ಮಾರನೇ ದಿನ ರಸ್ತೆಗೆಲ್ಲ ಗೊತ್ತಾಗಿತ್ತು. ಸುದ್ದಿ ಮೊದಲು ಮುಟ್ಟಿದ್ದು ಗಂಗಣ್ಣನವರ ತಾಯಿ ಪುಟ್ಟಮ್ಮಜ್ಜಿಗೆ. ಪುಟ್ಟಮ್ಮಜ್ಜಿಗೆ ಗೊತ್ತಾದ ಮೇಲೆ ಬೇರೆ ಯಾರಿಗೂ ಹೇಳುವ ಕೆಲಸ ಉಳಿಯುವುದಿಲ್ಲ. ಹೆಂಗಸರು ನನ್ನನ್ನು ನೋಡಿದರೆ ಸೆರಗು ಸರಿಮಾಡಿಕೊಂಡು ಗೌರವದಿಂದ ದಾರಿ ಬಿಡತೊಡಗಿದರು. ಗಂಡಸರು ಮುಖ ತಿರುಗಿಸಿದರು. ಹಾಲಿನ ಬೂತಿನ ಹತ್ತಿರ ಗಂಗಣ್ಣನವರು ನನ್ನ ತೋಳು ಹಿಡಿದರು.

"ಏನ್ ಮೇಷ್ಟ್ರೇ ಹಿಂಗ್ ಮಾಡ್ಬಿಟ್ರಿ? ‘ಅವ್ರು ಹೆಂಡ್ತಿಗೋಸ್ಕರ ಉಪ್ಪೇ ಬಿಟ್ಟವ್ರೆ, ನೀವು ಎಲೆ ಅಡಿಕೆನಾದ್ರೂ ಬಿಡಿ’ ಅಂತ ನಮ್ಮನೇಲಿ ಶುರುವಾಗೈತೆ. ನಮ್ಮವ್ವನೂ ಅವ್ಳ ಕಡೇನೇ ಸೇರ್ಕೊಂಡೈತೆ."

ಇತ್ತ ನನ್ನ ಸ್ಥಿತಿ ಗಂಭೀರವಾಗುತ್ತಾ ಹೋಯಿತು. ಉಪ್ಪಿಲ್ಲದೆ ಮೈಯಲ್ಲಿ ತ್ರಾಣವಿಲ್ಲ. ಸಾಯುವ ಭಯ ಬೇರೆ. ಇವೆರಡೂ ಒತ್ತಡವೇ ತಾನೆ? ಒತ್ತಡಕ್ಕೆ ವಿಟಮಿನ್ ಬೇಕು ತಾನೆ? ನಾನು ಮಧ್ಯಾಹ್ನವೂ ಒಂದು ಮಾತ್ರೆ ಸೇರಿಸಿದೆ. ಬೆಳಿಗ್ಗೆ ಬಚ್ಚಲಿನಲ್ಲಿ ನೋಡಿದರೆ ಹಳದಿ ಇನ್ನೂ ಪ್ರಖರವಾಗಿತ್ತು. ಕಾಯಿಲೆ ಏರುತ್ತಿದೆ ಎಂದು ಹೆದರಿಕೆ ಹೆಚ್ಚಾಯಿತು. ಹೆದರಿಕೆ ಹೆಚ್ಚಾಯಿತೆಂದು ಇನ್ನೊಂದು ಮಾತ್ರೆ ನುಂಗಿದೆ. ಅಕೌಂಟೆನ್ಸಿ ಓದಿದವನಿಗೆ ಈ ಲೆಕ್ಕ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದು. ಅದುವರೆಗೂ ನಿಶ್ಚಿಂತೆಯಾಗಿದ್ದ ವಿಮಲಾ ಈಗ ಸಾಸಿವೆ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಸಾಸಿವೆ ಡಬ್ಬಿ ಹುಡುಕತೊಡಗಿದಳು.

"ನೀವು ನನಗೋಸ್ಕರ ಇಷ್ಟೆಲ್ಲ ಮಾಡ್ತಿದೀರಾ. ನಾನು ಎಲ್ಲಾದ್ರೂ ತಪ್ಪು ಹಾಡ್ಬಿಟ್ರೆ?" ಎಂದಳು ಒಂದು ಸಂಜೆ. ಟೆನ್ಷನ್ ಇಲ್ಲದ ಒಬ್ಬಳು ಮನೆಯಲ್ಲಿದ್ದಳು. ಅವಳಿಗೂ ಹಂಚಿದ ಕೀರ್ತಿ ನನ್ನದು.

ಕಾರ್ಯಕ್ರಮದ ದಿನ ಬಂತು. ಮಧ್ಯಾಹ್ನ ವಿಮಲಾ ರೇಷ್ಮೆ ಸೀರೆಯುಟ್ಟು, ಕೊನೆಯ ಸಲ ಟೀಚರ ಮುಂದೆ ಹಾಡಿ ಬರುತ್ತೇನೆಂದು ಹೋದಳು. ನಾನು ಬಾಗಿಲು ಹಾಕಿಕೊಂಡು ಅಕ್ಕಿ ಪರೀಕ್ಷೆಗೆ ಕೂತೆ. ಒಂದು ಪೇಪರ್ ಲೋಟ, ಒಂದು ಹಿಡಿ ಅಕ್ಕಿ, ಮತ್ತು ಸದರಿ ದ್ರವ. ನಿಯಮದಂತೆ ನೆನೆಸಿ, ಬಸಿದು, ಪೇಪರ್ ತಟ್ಟೆಯಲ್ಲಿ ಹರಡಿಕೊಂಡು, ಬೆಳಕಿಗಾಗಿ ನಡುಮನೆಯ ಕಿಟಕಿಯ ಹತ್ತಿರ ತಂದೆ.

ಅಕ್ಕಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಒಂದೊಂದು ಕಾಳಿಗೂ ಒಂದೇ ಸಮನಾಗಿ ಹತ್ತಿತ್ತು. ನೋಡಲು ಬಹಳ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ನಾನು ಕುಸಿದು ಕೂರಬೇಕು ಎನ್ನುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ತಳ್ಳಿ, ಪರದೆ ಎಳೆದು, ಕೈ ತೊಳೆದು ಬಾಗಿಲು ತೆಗೆದೆ.

ವಿಮಲಾ, ಅವಳ ಹಿಂದೆ ಪುಟ್ಟಮ್ಮಜ್ಜಿ, ಅವರ ಹಿಂದೆ ಗಂಗಣ್ಣನವರು.

"ಸ್ಟೇಜ್ ಹತ್ತೋಕೆ ಮುಂಚೆ ಈ ಗಂಡ ಹೆಂಡ್ತಿನ ಜೋಡೀಲಿ ನಿಲ್ಸಿ ನಾಕು ಕಾಳು ಅಕ್ಷತೆ ಹಾಕ್ಬೇಕು ಅಂತ ಬಂದೆ ಕಣಪ್ಪ," ಎಂದಿತು ಅಜ್ಜಿ. "ಈ ಕಾಲ್ದಾಗೆ ಹೆಂಡ್ತಿಗೋಸ್ಕರ ಉಪ್ಪು ಬಿಡೋ ಗಂಡ ಎಲ್ಲವ್ನೆ?"

"ಅಯ್ಯೋ, ಅಕ್ಷತೆ ಕಲಸಿಲ್ವಲ್ಲ ಅಜ್ಜಿ. ಒಂದ್ನಿಮಿಷ ಇರಿ, ಅಕ್ಕಿಗೆ ಅರಿಶಿನ ಹಚ್ಕೊಂಡು ಬರ್ತೀನಿ," ಎಂದು ವಿಮಲಾ ಒಳಗೆ ಹೊರಟಳು.

"ಏನು ಕತ್ತಲೆ ಮಾಡ್ಕೊಂಡು ಕೂತಿದ್ದೀರಪ್ಪ," ಎನ್ನುತ್ತಾ ಅಜ್ಜಿ ಪರದೆ ಸರಿಸಿತು.

ಸಂಜೆಯ ಬಿಸಿಲು ನೇರವಾಗಿ ತಟ್ಟೆಯ ಮೇಲೆ ಬಿತ್ತು.

"ಅಗೋ ನೋಡವ್ವ. ಮೇಷ್ಟ್ರು ಆಗ್ಲೇ ಕಲ್ಸಿ ಮಡಗವ್ರೆ."

ವಿಮಲಾ ತಿರುಗಿ ತಟ್ಟೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅಷ್ಟು ಪ್ರೀತಿಯಿಂದ ಅವಳು ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ. "ಇದನ್ನೂ ನೀವೇ ಮಾಡಿಟ್ರಾ?" ಎಂದಳು. ನಾನು ತಟ್ಟೆಗೆ ಕೈ ಚಾಚಿದೆ, ಅಷ್ಟರಲ್ಲಿ ಅಜ್ಜಿಯ ಕೈ ಅಲ್ಲಿತ್ತು.

ಅಜ್ಜಿ ಒಂದು ಹಿಡಿ ತೆಗೆದುಕೊಂಡಿತು. "ಸ್ವಲ್ಪ ನೀರು ಜಾಸ್ತಿ ಆಗೈತೆ," ಎಂದು ಅಭಿಪ್ರಾಯಪಟ್ಟಿತು. ವಿಮಲಾ ಬಂದು ನನ್ನ ಪಕ್ಕದಲ್ಲಿ ನಿಂತು ಭಕ್ತಿಯಿಂದ ತಲೆ ಬಗ್ಗಿಸಿದಳು. ತಲೆಯಲ್ಲಿ ಮಲ್ಲಿಗೆ ಹೂ ಇತ್ತು. ಅಜ್ಜಿಯ ಕೈ ಮೇಲೆದ್ದಿತು.

ನಾನು ಹಾರಿದೆ.

ಸಪ್ಪೆ ಅನ್ನ ತಿಂದ ದೇಹದಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ ಗೊತ್ತಿಲ್ಲ. ವಿಮಲಾಳನ್ನು ಪಕ್ಕಕ್ಕೆ ತಳ್ಳಿ ಅಜ್ಜಿಯ ಕೈಗೆ ನನ್ನ ತಲೆ ಕೊಟ್ಟೆ. ಹಿಡಿ ಅಕ್ಕಿಯೆಲ್ಲ ನನ್ನ ನೆತ್ತಿಯ ಮೇಲೆ ಬಿತ್ತು. ಒಂದು ಕಾಳೂ ಅವಳಿಗೆ ತಾಗಲಿಲ್ಲ. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ.

"ಅದು ಅಕ್ಷತೆ ಅಲ್ಲ," ಎಂದೆ.

"ಮತ್ತೇನು?" ಎಂದರು ಮೂವರೂ.

ಹೇಳಿದೆ. ಹೇಳದೆ ಬೇರೆ ದಾರಿ ಇರಲಿಲ್ಲ.

ಪುಟ್ಟಮ್ಮಜ್ಜಿ ತನ್ನ ಬಲಗೈಯನ್ನು ನೋಡಿಕೊಂಡಿತು. ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ನಲ್ಲಿಯ ಕಡೆ ನಡೆಯಿತು. ನಲ್ಲಿಯ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ವಿಮಲಾಳ ಮುಖ ಬಿಳುಚಿಕೊಂಡಿತ್ತು. "ಕಾಮಾಲೆನಾ? ಯಾವತ್ತಿಂದ? ನನಗ್ಯಾಕೆ ಹೇಳಲಿಲ್ಲ?" ಉತ್ತರಕ್ಕೂ ಕಾಯದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗಂಗಣ್ಣನವರೇ, ನನ್ನ ಹೆಸರು ತೆಗೆದ್ಬಿಡಿ. ನಾನು ಹಾಡಲ್ಲ. ನಡೀರಿ, ಆಸ್ಪತ್ರೆಗೆ ಹೋಗೋಣ."

ಯಾವುದು ಆಗಬಾರದೆಂದು ನಾನು ಇಷ್ಟೆಲ್ಲ ಮಾಡಿದೆನೋ ಅದೇ ಆಯಿತು. ನನಗೆ ಅಳು ಬಂತು. ಕಣ್ಣು ಕತ್ತಲಿಟ್ಟು ನೆಲದ ಮೇಲೆ ಕೂತೆ. ಕೂತ ರಭಸಕ್ಕೆ ಜೇಬಿನಲ್ಲಿದ್ದ ಮಾತ್ರೆ ಪಟ್ಟಿಗಳು ಹೊರಗೆ ಬಿದ್ದವು.

ವಿಮಲಾ ಒಂದನ್ನು ಎತ್ತಿಕೊಂಡಳು. "ಇದೇನು?"

"ವಿಟಮಿನ್ನು. ಟೆನ್ಷನ್‌ಗೆ."

"ದಿನಕ್ಕೆ ಎಷ್ಟು ನುಂಗ್ತಿದೀರಾ?"

"ಮೂರೋ, ನಾಲ್ಕೋ."

ಅವಳು ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿ, ಕಣ್ಣಿನ ರೆಪ್ಪೆ ಎಳೆದು ಬಿಸಿಲಿನಲ್ಲಿ ನೋಡಿದಳು. ನಾಲಗೆ ಚಾಚಿಸಿದಳು. ಅಂಗೈ ಅಗಲಿಸಿ ನೋಡಿದಳು. ಆಮೇಲೆ ಒಂದು ದೀರ್ಘ ಉಸಿರು ಬಿಟ್ಟಳು.

"ಬಿ ಕಾಂಪ್ಲೆಕ್ಸ್ ತಗೊಂಡ್ರೆ ನೀರು ಹಳದಿ ಹೋಗದೆ ಇನ್ನೇನ್ರೀ ಹೋಗುತ್ತೆ? ಸುಮಾ ಹೊಟ್ಟೇಲಿದ್ದಾಗ ನನಗೂ ಡಾಕ್ಟ್ರು ಇದನ್ನೇ ಬರೆದಿದ್ರು. ನನಗೂ ಹಿಂಗೇ ಹೋಗ್ತಿತ್ತು."

ಸುಮಾ ನಮ್ಮ ಮಗಳು. ಅವಳಿಗೇ ಈಗ ಮದುವೆಯಾಗಿದೆ.

"ಆಗ ಅಂಗಡಿಯಿಂದ ಆ ಮಾತ್ರೆ ತಂದ್ಕೊಡ್ತಾ ಇದ್ದೋರೂ ನೀವೇ," ಎಂದಳು.

ಮರುದಿನ ನಮ್ಮ ಡಾಕ್ಟರೂ ರಕ್ತ ಪರೀಕ್ಷೆ ಮಾಡಿಸಿ ಅದನ್ನೇ ಹೇಳಿದರು. ಈ ಗುಂಪಿನ ವಿಟಮಿನ್ ದೇಹಕ್ಕೆ ಎಷ್ಟು ಬೇಕೋ ಅಷ್ಟನ್ನು ಅದು ಇಟ್ಟುಕೊಂಡು ಮಿಕ್ಕಿದ್ದರಲ್ಲಿ ಬಹುಪಾಲನ್ನು ಹೊರಗೆ ಹಾಕುತ್ತದಂತೆ. ಆ ಬಣ್ಣ ಬಿ ಎರಡರದ್ದಂತೆ. ಮೂರು ಹೊತ್ತು ನೆಟ್ಟಗೆ ಊಟ ಮಾಡುವವನಿಗೆ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಬೇಕೇ ಹೊರತು ಮೊಬೈಲಲ್ಲವಂತೆ, ನಿಜವಾಗಿ ಕಾಮಾಲೆ ಅನ್ನಿಸಿದರೆ ಸೊಪ್ಪು ಹುಡುಕಿಕೊಂಡು ಹೋಗದೆ ಸೀದಾ ಅಲ್ಲಿಗೇ ಬರಬೇಕಂತೆ. ಬೈಸಿಕೊಂಡರೂ ನನಗೆ ಮತ್ತೆ ಆ ಬೆರಗು ಬಂತು. ನಾನು ಭಯದಿಂದ ಹಿಡಿಗಟ್ಟಲೆ ನುಂಗುತ್ತಿದ್ದೆ. ದೇಹ ಒಂದು ಮಾತೂ ಆಡದೆ, ತನಗೆ ಬೇಕಾದ್ದನ್ನು ಎತ್ತಿಟ್ಟುಕೊಂಡು, ಬೇಡದ್ದನ್ನು ಪ್ರತಿದಿನ ಬೆಳಿಗ್ಗೆ ನನ್ನ ಕಣ್ಣ ಮುಂದೆಯೇ ವಾಪಸು ಕೊಡುತ್ತಿತ್ತು. ಅಷ್ಟು ಚೊಕ್ಕವಾಗಿ ಲೆಕ್ಕ ಇಟ್ಟವರನ್ನು ನಾನು ಈವರೆಗೆ ಕಂಡಿಲ್ಲ.

ಆದರೆ ಅದು ಮರುದಿನದ ಮಾತು. ಅಂದು ಸಂಜೆ ನಡುಮನೆಯಲ್ಲಿ ನಾನಿನ್ನೂ ನೆಲದ ಮೇಲೇ ಇದ್ದೆ. ಪುಟ್ಟಮ್ಮಜ್ಜಿ ಕೈ ಒರೆಸಿಕೊಳ್ಳುತ್ತಾ ಬಂದು, "ಅಂಗಾದ್ರೆ ಉಪ್ಪು ಬಿಟ್ಟಿದ್ದು? ವ್ರತ ಅಲ್ವಾ?" ಎಂದು ಕೇಳಿತು.

ವಿಮಲಾ ನನ್ನನ್ನೇ ನೋಡುತ್ತಿದ್ದಳು. ನನಗೆ ಬಹಳ ನಾಚಿಕೆಯಾಯಿತು.

"ಪಥ್ಯ," ಎಂದೆ. "ಕಾಯಿಲೆ ಅಂತ ಗೊತ್ತಾದ್ರೆ ನೀನು ಹಾಡೋದು ಬಿಟ್ಬಿಡ್ತೀಯ ಅಂತ ಸುಳ್ಳು ಹೇಳ್ದೆ. ಆವತ್ತು ಕಾಲೇಜಲ್ಲಿ ನಿಂತುಹೋಯ್ತಲ್ಲ, ಇನ್ನೊಂದ್ಸಲ ನನ್ನಿಂದ ನಿಲ್ಲಬಾರದು ಅಂತ."

ಅವಳ ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡೆ. ಮೊದಲು ಭುಜ ಅಲುಗಿತು, ಆಮೇಲೆ ಇಡೀ ಮೈ. ನೆತ್ತಿಯ ಮೇಲೆ ಹಳದಿ ಅಕ್ಕಿ ಹೊತ್ತು ಕೂತ ನನ್ನನ್ನು ನೋಡಿ ನೋಡಿ, ಗೋಡೆ ಹಿಡಿದುಕೊಂಡು ನಕ್ಕಳು. ಅಜ್ಜಿಯೂ ನಕ್ಕಿತು. ಎಲ್ಲರಿಗಿಂತ ಖುಷಿಯಾದವರು ಗಂಗಣ್ಣನವರು.

"ಅಂದ್ರೆ ವ್ರತ ಸುಳ್ಳು ತಾನೆ? ಅವ್ವಾ, ಕೇಳಿಸ್ಕೊಂಡ್ಯಾ?" ಎಂದು ಜೇಬಿನಿಂದ ಎಲೆ ಅಡಿಕೆ ತೆಗೆದು ಅಲ್ಲೇ ಬಾಯಿಗೆ ಹಾಕಿಕೊಂಡರು.

ವಿಮಲಾ ಕಣ್ಣೊರೆಸಿಕೊಂಡಳು. ಅವಳ ಮುಖದಲ್ಲಿ ಈಗ ಭಯವಿರಲಿಲ್ಲ. "ಹೋಗಿ, ಮೊದ್ಲು ತಲೆಗೆ ಸ್ನಾನ ಮಾಡಿ," ಎಂದಳು. "ಗಂಗಣ್ಣನವರೇ, ನನ್ನ ಹೆಸರು ಹಂಗೇ ಇರ್ಲಿ. ಹಾಡ್ತೀನಿ."

ನಾನು ಶಾಂಪೂ ಹಚ್ಚಿ, ಸೋಪು ಹಚ್ಚಿ, ಮತ್ತೆ ಶಾಂಪೂ ಹಚ್ಚಿ ಮಿಂದು, ಊಟದ ಗೊಡವೆಗೂ ಹೋಗದೆ ಒದ್ದೆ ತಲೆಯಲ್ಲೇ ಓಡಿದೆ. ರಸ್ತೆ ತುಂಬ ಕುರ್ಚಿಗಳು, ಸೀರಿಯಲ್ ಸೆಟ್ ದೀಪಗಳು, ಒಂದು ಕಡೆ ಗೋಬಿ ಮಂಚೂರಿ ಗಾಡಿ. ಸ್ಟೇಜಿನ ಮೇಲೆ ವಿಮಲಾ ಒಬ್ಬಳೇ ನಿಂತಿದ್ದಳು. ಅವಳ ಎಡಕ್ಕೂ ಯಾರಿಲ್ಲ, ಬಲಕ್ಕೂ ಯಾರಿಲ್ಲ.

ಮೊದಲ ಸಾಲು ಕೇಳಿಸಿತು. ನಾನು ನಿತ್ಯ ಅಡುಗೆಮನೆಯಿಂದ ಕೇಳುವ ದನಿ ಅದೇ, ಆದರೆ ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಹತ್ತಿರದಿಂದ ನೋಡಬೇಕೆನಿಸಿತು. ಕಣ್ಣನ್ನು ಅವಳ ಮೇಲೆಯೇ ನೆಟ್ಟುಕೊಂಡು ಸ್ಟೇಜಿನ ಪಕ್ಕಕ್ಕೆ ಸರಿದೆ. ಹಸಿದ ಹೊಟ್ಟೆ, ತಿರುಗುವ ತಲೆ. ಕಾಲಿಗೆ ಏನೋ ತೊಡರಿತು. ಬಿದ್ದೆ.

ಮೈಕ್ ಸತ್ತಿತು.

ಕರೆಂಟು ಹೋಗಿರಲಿಲ್ಲ. ದೀಪಗಳೆಲ್ಲ ಉರಿಯುತ್ತಿದ್ದವು, ನನ್ನನ್ನು ಎಲ್ಲರಿಗೂ ತೋರಿಸುವುದಕ್ಕೆ. ಸೌಂಡ್ ಸಿಸ್ಟಮ್ಮಿನ ವೈರು ನನ್ನ ಪಾದಕ್ಕೆ ಸುತ್ತಿಕೊಂಡಿತ್ತು. ಪ್ಲಗ್ಗು ನನ್ನ ಮಡಿಲಲ್ಲಿ ಬಿದ್ದಿತ್ತು. ಎರಡನೇ ಸಲ, ಮೊದಲ ಸಾಲು ಮುಗಿಯುವಷ್ಟರಲ್ಲೇ ಅವಳ ಹಾಡು ನಿಂತಿತ್ತು. ಈ ಸಲ ನಿಲ್ಲಿಸಿದವನು ನಾನು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ವಿಮಲಾ ಮೈಕನ್ನು ನೋಡಿದಳು. ನನ್ನನ್ನು ನೋಡಿದಳು. ಅವಳ ತುಟಿಯ ಕೊನೆಯಲ್ಲಿ ಆ ಸಂಜೆಯ ನಗು ಮತ್ತೆ ಸುಳಿಯಿತು. ಮೈಕಿನ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ, ಎರಡು ಹೆಜ್ಜೆ ಮುಂದೆ ಬಂದು, ನಿಂತ ಸಾಲಿನಿಂದಲೇ ಹಾಡನ್ನು ಎತ್ತಿಕೊಂಡಳು.

ಮುಂದಿನವರು ಹಿಂದಿನವರಿಗೆ ಸುಮ್ಮನಿರಿ ಎಂದರು. ಗೋಬಿ ಗಾಡಿಯವನು ಒಲೆ ಸಣ್ಣ ಮಾಡಿದ. ಮೂಲೆಗೆ ಬಂದ ಆಟೋದವನು ಎಂಜಿನ್ ಆರಿಸಿದ. ನನ್ನ ಮಡಿಲಿನಿಂದ ಪ್ಲಗ್ಗು ತೆಗೆದುಕೊಳ್ಳಲು ಬಂದ ಸೌಂಡಿನವನನ್ನು ಗಂಗಣ್ಣನವರು ಹಿಡಿದು ನಿಲ್ಲಿಸಿ, "ಬ್ಯಾಡ. ಸುಮ್ಕಿರು," ಎಂದರು. ವಿಜಯನಗರದಲ್ಲಿ, ಹಬ್ಬದ ಸಂಜೆ, ಒಂದು ಇಡೀ ರಸ್ತೆ ಸದ್ದಿಲ್ಲದೆ ಕೂತದ್ದನ್ನು ನಾನು ಅಂದೇ ನೋಡಿದ್ದು. ಆ ಸದ್ದಿಲ್ಲದ ರಸ್ತೆಯ ಕೊನೆಯ ಮನೆಯವರೆಗೂ ಅವಳ ದನಿ ಹೋಯಿತು. ಎಷ್ಟೋ ವರ್ಷ ಗಂಟಲಲ್ಲೇ ಉಳಿದಿದ್ದ ಹಾಡು ಪೂರ್ತಿಯಾಗಿ, ಕೊನೆಯ ಸಾಲಿನ ಕೊನೆಯ ಅಕ್ಷರದವರೆಗೆ ಹೊರಗೆ ಬಂತು. ನಾನು ವೈರಿನಲ್ಲಿ ಸಿಕ್ಕಿಕೊಂಡು ಕೂತಲ್ಲೇ ಅತ್ತೆ. ಇವಳ ಜೊತೆ ಒಂದೇ ಮನೆಯಲ್ಲಿ ಇಷ್ಟು ಕಾಲ ಬದುಕಿದ್ದೇನೆ ಎಂಬುದೇ ನನಗೆ ಆಶ್ಚರ್ಯವಾಗಿತ್ತು.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅದರ ಮಧ್ಯೆ ಯಾರೋ ಪ್ಲಗ್ಗು ಸಿಕ್ಕಿಸಿದರು. ಗಂಗಣ್ಣನವರು ಸ್ಟೇಜ್ ಹತ್ತಿ, ವಿಮಲಾಗೆ ಶಾಲು ಹೊದಿಸಿ, ಕಣ್ಣೊರೆಸಿಕೊಂಡು, "ತಾಯಿ, ಏನು ಗಂಟಲು, ಏನು ಧೈರ್ಯ. ಇಷ್ಟು ಶಕ್ತಿ ಬರೋಕೆ ಏನ್ ತಿಂತೀರಾ, ನಮಗೂ ಒಸಿ ಹೇಳಿ," ಎಂದರು.

"ನಾನು ಮುದ್ದೆ, ಸೊಪ್ಪಿನ ಸಾರು ತಿಂತೀನಿ," ಎಂದಳು ವಿಮಲಾ. "ವಿಟಮಿನ್ ಎಲ್ಲ ನಮ್ಮ ಮನೆಯವ್ರು ತಿಂತಾರೆ."

ಆಗ ಮೈಕ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು.